ಹಳೆಯ ಗಣಕದ ಲಿಪಿಕಾರರು

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನವನ್ನು ಬರೆದ ಚಪಡನು, ಬರಹವನ್ನೆಲ್ಲ ಬ್ರಾಹ್ಮಿಯಲ್ಲಿ ಎಡದಿಂದ ಬಲಕ್ಕೆ ಮುಗಿಸಿ, ತಾನು ಲಿಪಿಕಾರನೆಂಬ ಒಂದು ಪದವನ್ನು ಮಾತ್ರ ವಾಯವ್ಯ ದೇಶದ ಖರೋಷ್ಠಿಯಲ್ಲಿ ಬಲದಿಂದ ಎಡಕ್ಕೆ ಬರೆದಿರುವನು. 1890ರ ದಶಕದ ಆರಂಭದಲ್ಲಿ ಶಾಸನತಜ್ಞ ಬಿ.ಎಲ್. ರೈಸರು ಈ ಶಾಸನವನ್ನು ಕಂಡ ವೇಳೆಗೆ ವಿದ್ವಾಂಸ ಪ್ರಿನ್ಸೆಪ್ಪನು ಬ್ರಾಹ್ಮಿಯನ್ನು ಓದಿ ಅರ್ಧ ಶತಮಾನ ಕಳೆದಿದ್ದಿತು. ಆ ಓದು ಇಲ್ಲದಿದ್ದರೆ ಅಕ್ಷರಗಳು ಅಕ್ಷತವಾಗಿದ್ದೂ ಮೂಕವಾಗಿರುತ್ತಿದ್ದವು.

ಇದು ನೆನಪಾದುದು ಚಳ್ಳಕೆರೆಯ ನಮ್ಮ ಮನೆಯಲ್ಲಿ, ತಂದೆಯವರು ಮಳೆ-ಬೆಳೆಯ ವಿವರವನ್ನು ಬರೆದಿಡುತ್ತಿದ್ದ ಹಳೆಯ ಗಣಕದ ಕಡತವನ್ನು ಹೊಸ ಯಂತ್ರದಲ್ಲಿ ತೆರೆದಾಗ. 'ಕನ್ನಡ' ಎಂದಿರಬೇಕಾದಲ್ಲಿ ಆಂಗ್ಲರ 'ಪಿ', ತಲೆಯ ಮೇಲೆ ಗೆರೆ ಹೊತ್ತ 'ಎ', ಪೌಂಡಿನ ಚಿಹ್ನೆ, ಜರ್ಮನರ ಜೋಡಿ 'ಎಸ್' ಸಾಲುಗಟ್ಟಿ ನಿಂತಿದ್ದವು.

ಇದರಲ್ಲಿ ಯಾರ ದೋಷವೂ ಇಲ್ಲ. ವಿಂಡೋಸ್ 98ಕ್ಕೆ ಸ್ವಂತವಾಗಿ ಕನ್ನಡ ಬಾರದು. ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶವು 1998ರಲ್ಲಿ ಬಂದಿತು, ಅನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ'ಯೂ ಮನೆಮನೆಗೆ ಬಂದಿತು, ಬೆರಳುಗಳಿಗೆ ಕೆ.ಪಿ. ರಾಯರ ಕೀಲಿವಿನ್ಯಾಸ ದಾರಿ ತೋರಿತು. ನಮ್ಮ ಅಕ್ಷರಗಳನ್ನು ತುಂಡುತುಂಡಾಗಿ ಬಿಡಿಸಿ ರೋಮನ್ ಅಕ್ಷರಗಳ ಪೀಠಗಳಲ್ಲಿ ಕುಳ್ಳಿರಿಸಿದ ಈ ಉಪಾಯದಿಂದಲೇ ಲಗ್ನಪತ್ರಿಕೆಯಿಂದ ಪ್ರಶ್ನೆಪತ್ರಿಕೆಯವರೆಗೆ ನಾಡಿನ ಬರವಣಿಗೆ ನಡೆಯಿತು. ಆ ಋಣ ದೊಡ್ಡದು.

ಪ್ರತಿ ಲಿಪಿಗೂ ಸ್ವಂತ ಪೀಠ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದಿತಾದರೂ, ಅದನ್ನು ಅರಿತ ವಿಂಡೋಸ್ ಎಕ್ಸ್‌ಪಿ ಬಂದುದು 2001ರಲ್ಲಿ. ಮುಂದೆ ಮೈಕ್ರೋಸಾಫ್ಟ್ ಸಂಸ್ಥೆಯು 98ರ ಪೋಷಣೆಯನ್ನು 2006ರ ಜುಲೈಯಲ್ಲಿಯೂ ಎಕ್ಸ್‌ಪಿಯದನ್ನು 2014ರ ಏಪ್ರಿಲ್ 8ರಂದೂ ನಿಲ್ಲಿಸಿತು. ಆದರೆ ಸಾಲಮಾಡಿ ಕೊಂಡ ಯಂತ್ರವನ್ನು ಅಂತಹ ತಿಥಿ ನೋಡಿ ಯಾರು ತಾನೆ ಹೊರಗೆಸೆದಾರು? ಅಂಥವರ ನೆರವಿಗೆ ನಿಂತವರು, ಸಂಬಳವಿಲ್ಲದೆ ರಾತ್ರಿಯ ಬಿಡುವಿನಲ್ಲಿ ದುಡಿದ ಕನ್ನಡದ ತಂತ್ರಾಂಶಪ್ರಿಯರು. ಸೊರಗಿದ ಯಂತ್ರಗಳಿಗೆ ಹಗುರವಾದ ಲಿನಕ್ಸನ್ನು ಹಾಕಿಕೊಟ್ಟರು. ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳನ್ನು ರಚಿಸಿ, ಯಾರು ಬೇಕಾದರೂ ತಿದ್ದಿಕೊಳ್ಳಲೆಂದು ಮೂಲವನ್ನೇ ಮುಕ್ತವಾಗಿ ಇಟ್ಟರು. ಚಪಡನ ವೃತ್ತಿನಾಮಕ್ಕೆ ಇವರಿಗಿಂತ ಅರ್ಹರನ್ನು ನಾನು ಕಾಣೆ.

ಅವರ ಕೆಲಸದ ಸೂಕ್ಷ್ಮವನ್ನು ನಾನು ಅರಿತುದು 'ಆರ್ದ್ರಾ' ಎಂಬ ಪದದಲ್ಲಿ. ಹಳೆಯ ಕಡತದಲ್ಲಿ ಇದು ಕಣ್ಣಿಗೆ ಕಾಣುವ ಕ್ರಮದಲ್ಲಿಯೇ ಇರುವುದು: ಮೊದಲು 'ಆ', ಬಳಿಕ ದೀರ್ಘಸಹಿತವಾದ ದಕಾರ, ಅದರ ಕೆಳಗಣ ಒತ್ತು, ಎಲ್ಲಕ್ಕೂ ಕಡೆಗೆ ಅರ್ಕಾವತ್ತು. ಯೂನಿಕೋಡಾದರೋ ಉಚ್ಚಾರಣೆಯ ಕ್ರಮವನ್ನು ಬೇಡುವುದು; ಆದ್ದರಿಂದ ಪರಿವರ್ತಕವು ಕೊನೆಯ ಅರ್ಕಾವತ್ತನ್ನು ಎತ್ತಿ ದಕಾರದ ಹಿಂದಕ್ಕೆ ತಂದು, ನಡುವೆ ಸಿಕ್ಕಿಕೊಂಡ ದೀರ್ಘವನ್ನು ಒತ್ತಿನ ಆಚೆಗೆ ಸರಿಸಬೇಕು. ಒಂದು ಹೆಜ್ಜೆ ತಪ್ಪಿದರೂ ಪದ ಮುರಿಯುವುದು.

ನಮ್ಮ ಕಡತದಲ್ಲಿ ಅದು ಮುರಿಯಲಿಲ್ಲ. 'ಆರ್ದ್ರಾ ಮಳೆ ಹದವಾಗಿ ಬಿತ್ತು. ಶೇಂಗಾ ಬಿತ್ತನೆ ಮುಗಿಯಿತು' ಎಂದು ತಂದೆಯವರು ಬರೆದಿದ್ದರು.