ಗಣಿತವನ್ನು ಬಿಡುವ ಮುನ್ನ

ಪಿಯುಸಿ ವಿಜ್ಞಾನಕ್ಕೆ ಸೇರುವ ಹೊತ್ತಿನಲ್ಲಿ ಅನೇಕ ಮನೆಗಳಲ್ಲಿ ಒಂದೇ ಪ್ರಶ್ನೆ: ಕಠಿಣವಾದ ಗಣಿತವನ್ನು ಇಟ್ಟುಕೊಳ್ಳಬೇಕೇ, ಬಿಡಬೇಕೇ? ಚಿಕ್ಕೇರೂರಿನಿಂದ ಹಿರೇಕೆರೂರಿಗೋ ದಾವಣಗೆರೆಗೋ ಮಕ್ಕಳನ್ನು ಓದಲು ಕಳುಹಿಸುವ ತಂದೆತಾಯಂದಿರಿಗೆ ಇದು ಸಣ್ಣ ಪ್ರಶ್ನೆಯಲ್ಲ.

ವಿವೇಕವೆಂಬ ಸದ್ಗುಣಕ್ಕೆ ಸಂತ ಥೋಮಸ್ ಅಕ್ವಿನಾಸರು ಮೂರು ಕ್ರಿಯೆಗಳನ್ನು ಹೇಳಿದ್ದಾರೆ: ಆಲೋಚಿಸುವುದು, ತೀರ್ಮಾನಿಸುವುದು, ಕಾರ್ಯರೂಪಕ್ಕೆ ತರುವುದು. ನಮ್ಮಲ್ಲಿ ಮೊದಲನೆಯದೇ ತಪ್ಪಿಹೋಗುತ್ತದೆ. ಒಂದು ಕಿರುಪರೀಕ್ಷೆಯಲ್ಲಿ ಅಂಕ ಕುಸಿದರೆ ಹೆದರಿ ಬಿಡುತ್ತೇವೆ. ನೆರೆಮನೆಯ ಹುಡುಗ ತೆಗೆದುಕೊಂಡನೆಂದು ಹಟದಿಂದ ಹಿಡಿದುಕೊಳ್ಳುತ್ತೇವೆ.

ಮೊದಲು ಗುರಿಯನ್ನು ನೋಡೋಣ. 1994ರಲ್ಲಿ ಆರಂಭವಾದ ರಾಜ್ಯದ ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರಗಳೊಡನೆ ಗಣಿತವೂ ಬೇಕು. ವೈದ್ಯಕೀಯಕ್ಕೆ ನಡೆಯುವ ನೀಟ್ ಪರೀಕ್ಷೆಯಲ್ಲಿ ಗಣಿತವಿಲ್ಲ, ಜೀವಶಾಸ್ತ್ರವುಂಟು. ಆದುದರಿಂದ ವೈದ್ಯಳಾಗಲು ನಿಶ್ಚಯಿಸಿದ ಮಗಳು ಗಣಿತವನ್ನು ಬಿಟ್ಟರೆ ಅದು ಸೋಲಲ್ಲ; ಉಳಿದ ಸಮಯ ಜೀವಶಾಸ್ತ್ರಕ್ಕೆ ಸಲ್ಲುತ್ತದೆ. ಗುರಿ ಇನ್ನೂ ಸ್ಪಷ್ಟವಾಗದ ಮಗ ಭಯದಿಂದ ಬಿಟ್ಟರೆ, ಎಂಜಿನಿಯರಿಂಗಿನ ಬಾಗಿಲನ್ನು ತಾನೇ ಮುಚ್ಚಿಕೊಂಡಂತಾಗುತ್ತದೆ. ಅವನಿಗೆ ಬೇಕಾದುದು ಆರು ತಿಂಗಳ ಒಳ್ಳೆಯ ಮನೆಪಾಠವಿರಬಹುದು.

ಲ್ಯಾಟಿನ್ ಭಾಷೆಯಲ್ಲಿ ಮುಗ್ಗರಿಸಿ ಗುರುಮಠದಿಂದ ಹೊರಬರಬೇಕಾಗಿ ಬಂದ ಜಾನ್ ಮರಿಯ ವಿಯಾನಿ ಅದನ್ನು ಕೈಬಿಡಲಿಲ್ಲ. ಗುರುವಾಗಲು ಅದು ಅಗತ್ಯವಾಗಿತ್ತು. ಧರ್ಮಗುರು ಬಾಲಿಯವರ ಬಳಿ ಪಾಠ ಹೇಳಿಸಿಕೊಂಡು 1815ರಲ್ಲಿ ಗುರುದೀಕ್ಷೆ ಪಡೆದರು. ಕಷ್ಟವೆಂಬುದೊಂದೇ ಬಿಡಲು ಕಾರಣವಲ್ಲ. ಗುರಿಗೆ ಬೇಡವೆಂಬುದು ಕಾರಣ. ಗಣಿತದ ಭಾರಕ್ಕೆ ಉಳಿದ ವಿಷಯಗಳೂ, ಮಗುವಿನ ನಿದ್ರೆಯೂ ಕೆಡುತ್ತಿದ್ದರೆ ಅದೂ ಕಾರಣವೇ.

ಹೆತ್ತವರೇ, ಮಗುವಿನ ಮಾತನ್ನು ಪೂರ್ತಿ ಕೇಳಿರಿ, ಉಪನ್ಯಾಸಕರನ್ನು ವಿಚಾರಿಸಿರಿ, ಬಳಿಕ ನಿರ್ಧರಿಸಿರಿ. ನಿರ್ಧರಿಸಿದ ಮೇಲೆ ಮಗುವನ್ನು ಹಂಗಿಸಬೇಡಿರಿ.