ಹಳೆಯ ಕಲೆಯ ಮರೆಯಲ್ಲಿ ಹೊಸ ಕ್ಯಾನ್ಸರ್

ಚಿಕಾಗೋ ಬೇರ್ಸ್ ತಂಡಕ್ಕೆ 13 ಋತು ಆಡಿದ ವಾಲ್ಟರ್ ಪೇಟನ್ ಅಮೆರಿಕನ್ ಫುಟ್‌ಬಾಲ್ ಕಂಡ ಮಹಾನ್ ಆಟಗಾರರಲ್ಲಿ ಒಬ್ಬರು. 1999ರ ಫೆಬ್ರುವರಿಯಲ್ಲಿ ಅವರು ಸೊರಗಿದ ಮೈಯಲ್ಲಿ ಪತ್ರಕರ್ತರ ಮುಂದೆ ಬಂದು, ತಮಗೆ ಪ್ರೈಮರಿ ಸ್ಕ್ಲೀರೋಸಿಂಗ್ ಕೊಲಾಂಜೈಟಿಸ್ (ಪಿಎಸ್‌ಸಿ) ಇದೆ, ಲಿವರ್ ಕಸಿ ಆಗಬೇಕು ಎಂದರು. ಕಸಿಗೆ ಕಾಯುತ್ತಿದ್ದಾಗಲೇ ಪಿತ್ತನಾಳದ ಕ್ಯಾನ್ಸರ್ ಗೊತ್ತಾಯಿತು. ಆ ಹೊತ್ತಿಗೆ ಅದು ಹರಡಿದ್ದರಿಂದ ಕಸಿಯ ದಾರಿಯೂ ಮುಚ್ಚಿತು. ನವೆಂಬರ್ 1ರಂದು ಅವರು ತೀರಿಕೊಂಡರು.

ಪಿಎಸ್‌ಸಿಯಲ್ಲಿ ಲಿವರ್‌ನಿಂದ ಕರುಳಿಗೆ ಪಿತ್ತರಸ ಒಯ್ಯುವ ನಾಳಗಳು ಉರಿಯೂತದಿಂದ ಕಲೆಗಟ್ಟಿ, ಅಲ್ಲಲ್ಲಿ ಕಿರಿದಾಗುತ್ತವೆ. ಹೆಚ್ಚಿನವರಿಗೆ ಅಲ್ಸರೇಟಿವ್ ಕೊಲೈಟಿಸ್‌ನಂಥ ಕರುಳಿನ ಕಾಯಿಲೆಯೂ ಜೊತೆಗಿರುತ್ತದೆ. ಜೀವಮಾನದಲ್ಲಿ 100 ರೋಗಿಗಳಲ್ಲಿ ಸುಮಾರು 10ರಿಂದ 15 ಮಂದಿಗೆ ಪಿತ್ತನಾಳದ ಕ್ಯಾನ್ಸರ್ ತಗಲುತ್ತದೆ.

ಅದನ್ನು ಹಿಡಿಯುವುದು ಸುಲಭವಿಲ್ಲ. ಈ ಕ್ಯಾನ್ಸರ್ ಎಷ್ಟೋ ಸಲ ಗಡ್ಡೆಯಾಗಿ ಉಬ್ಬದೆ ನಾಳದ ಗೋಡೆಗುಂಟ ಹಬ್ಬುತ್ತದೆ. ಸ್ಕ್ಯಾನ್‌ನಲ್ಲಿ ಕಾಣುವುದು ಇನ್ನೊಂದು ಕಿರಿದಾದ ಜಾಗವಷ್ಟೇ. ರಕ್ತದಲ್ಲಿ ಸಿಎ 19-9 ಎಂಬ ಕ್ಯಾನ್ಸರ್ ಸೂಚಕ ಏರಿದ್ದರೆ ಸಂಶಯ ಬರುತ್ತದೆ, ಆದರೆ ನಾಳ ಕಟ್ಟಿಕೊಂಡು ಸೋಂಕಾದಾಗಲೂ ಅದು ಏರುತ್ತದೆ. ಕೆಲವರ ದೇಹವಂತೂ ಹುಟ್ಟಿನಿಂದಲೇ ಅದನ್ನು ತಯಾರಿಸುವುದಿಲ್ಲ. ಇಆರ್‌ಸಿಪಿ (ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ಪಿತ್ತನಾಳ ತಲುಪುವ ವಿಧಾನ) ಮಾಡಿ ನಾಳವನ್ನು ಬ್ರಷ್‌ನಿಂದ ಉಜ್ಜಿ ತೆಗೆದ ಜೀವಕೋಶಗಳಲ್ಲಿ ಕ್ಯಾನ್ಸರ್ ಕಂಡರೆ ಆ ವರದಿಯನ್ನು ನಂಬಬಹುದು. ಕಾಣಲಿಲ್ಲವೆಂದು ನೆಮ್ಮದಿಯಾಗಿರುವಂತಿಲ್ಲ, ಇರುವ ಕ್ಯಾನ್ಸರ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಬ್ರಷ್‌ಗೆ ಸಿಗದೆ ಉಳಿಯುತ್ತವೆ.

ಹಾಗಾಗಿಯೇ ದೊಡ್ಡ ನಾಳಗಳಲ್ಲಿ ಪಿಎಸ್‌ಸಿ ಇರುವ ವಯಸ್ಕರಿಗೆ ವರ್ಷಕ್ಕೊಮ್ಮೆ ಎಂಆರ್‌ಐ ಮತ್ತು ಪಿತ್ತನಾಳಗಳ ಎಂಆರ್‌ಐ ಚಿತ್ರವಾದ ಎಂಆರ್‌ಸಿಪಿ ಮಾಡಿಸಲು ತಜ್ಞರು ಹೇಳುತ್ತಾರೆ. ಹೋದ ವರ್ಷದ ಚಿತ್ರದ ಪಕ್ಕ ಈ ವರ್ಷದ್ದನ್ನು ಇಟ್ಟಾಗ ಹೊಸದಾಗಿ ಕಿರಿದಾದ ಜಾಗ, ದಪ್ಪಗಾದ ಗೋಡೆ ಕಣ್ಣಿಗೆ ಬೀಳುತ್ತದೆ. ಬೇಗ ಸಿಕ್ಕರೆ ದಾರಿಯೂ ಇದೆ. ಲಿವರ್‌ನ ಬಾಗಿಲಲ್ಲಿರುವ ಗಡ್ಡೆ 3 ಸೆಂ.ಮೀ. ಮೀರದೆ, ಹರಡದೆ ಇದ್ದರೆ ರೇಡಿಯೇಷನ್, ಕಿಮೊಥೆರಪಿ ಕೊಟ್ಟು ಬಳಿಕ ಕಸಿ ಮಾಡುವ ಕ್ರಮವನ್ನು ಅಮೆರಿಕದ ಮೇಯೊ ಕ್ಲಿನಿಕ್ 1993ರಲ್ಲಿ ಆರಂಭಿಸಿತು. ಹೀಗೆ ಕಸಿ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 5 ವರ್ಷ ದಾಟಿ ಬದುಕಿದ್ದಾರೆ.

ಪಿತ್ತನಾಳ ಕಟ್ಟಿಕೊಂಡಾಗ ಕಾಮಾಲೆ ಕಾಣಿಸಿಕೊಳ್ಳುತ್ತದೆ. ಆದರೆ ಕಾಮಾಲೆ ಎಂದೊಡನೆ ನಮ್ಮ ಊರುಗಳಲ್ಲಿ ನಾಟಿ ಔಷಧ ನೆನಪಾಗುತ್ತದೆ. ವೈರಸ್‌ನಿಂದ ಬರುವ ಕಾಮಾಲೆ ಹಲವು ಸಲ ತಾನೇ ಇಳಿಯುವುದರಿಂದ ಆ ನಂಬಿಕೆ ಗಟ್ಟಿಯಾಗಿದೆ. ಪಿಎಸ್‌ಸಿಯ ಮಾತು ಬೇರೆ. ಅದು ಇರುವವರ ಕಣ್ಣು ಹಳದಿಯಾದರೆ, ತುರಿಕೆ ಹೆಚ್ಚಿದರೆ, ತೂಕ ಇಳಿದರೆ ಮರುದಿನಕ್ಕೂ ಕಾಯಬೇಡಿ. ಹಳೆಯ ಸ್ಕ್ಯಾನ್‌ಗಳನ್ನೆಲ್ಲ ಜೋಪಾನವಾಗಿಟ್ಟು, ವೈದ್ಯರ ಬಳಿಗೆ ಹೋಗುವಾಗ ಕೈಯಲ್ಲೇ ಒಯ್ಯಿರಿ.