ಆಸ್ತಮಾ ಹತೋಟಿ: ಊರ ಆಸ್ಪತ್ರೆಯಲ್ಲೇ ಆಗುವ ಕೆಲಸ

ಫಿನ್ಲೆಂಡ್ 1994ರಲ್ಲಿ ಆಸ್ತಮಾ ಹತೋಟಿಗೆ ಹತ್ತು ವರ್ಷಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಗೆತ್ತಿಕೊಂಡಿತು. ಅದಕ್ಕಾಗಿ ದೊಡ್ಡ ಆಸ್ಪತ್ರೆಗಳನ್ನು ಕಟ್ಟಲಿಲ್ಲ. ಊರೂರಿನ ಆರೋಗ್ಯ ಕೇಂದ್ರಗಳಲ್ಲಿ ಆಸ್ತಮಾದ ಹೊಣೆಯನ್ನು ಇಂಥ ವೈದ್ಯರಿಗೆ, ಇಂಥ ನರ್ಸಿಗೆ ಎಂದು ವಹಿಸಿ ತರಬೇತಿ ಕೊಟ್ಟರು. ಔಷಧಿ ಅಂಗಡಿಯ ಫಾರ್ಮಸಿಸ್ಟರನ್ನೂ ಸೇರಿಸಿಕೊಂಡರು. ರೋಗವನ್ನು ಬೇಗ ಗುರುತಿಸಿ, ಶುರುವಿನಿಂದಲೇ ಶ್ವಾಸನಾಳದ ಉರಿಯೂತಕ್ಕೆ ಮದ್ದು ಕೊಡುವುದು ನಿಯಮವಾಯಿತು. ಆ ದಶಕದಲ್ಲಿ ಚಿಕಿತ್ಸೆ ಪಡೆಯುವವರ ಸಂಖ್ಯೆ ಏರಿತು. ಆದರೂ ಆಸ್ತಮಾ ರೋಗಿಗಳು ಆಸ್ಪತ್ರೆಯಲ್ಲಿ ಕಳೆಯುವ ದಿನಗಳು ಅರ್ಧಕ್ಕಿಂತ ಕೆಳಗಿಳಿದವು. ಒಬ್ಬ ರೋಗಿಗೆ ತಗಲುವ ವಾರ್ಷಿಕ ವೆಚ್ಚ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಯಿತು.

ಇದು ಸಾಧ್ಯವಾದ ಬಗೆ ತಿಳಿಯಲು ರೋಗದ ಸ್ವರೂಪವನ್ನು ನೋಡಬೇಕು. ಆಸ್ತಮಾ ಇದ್ದವರ ಶ್ವಾಸನಾಳದ ಒಳಪದರದಲ್ಲಿ, ಉಬ್ಬಸವಿಲ್ಲದ ದಿನಗಳಲ್ಲೂ, ಉರಿಯೂತ ಉಳಿದಿರುತ್ತದೆ. ದೂಳು, ಹೊಗೆ, ಪರಾಗ, ನೆಗಡಿಯ ವೈರಸ್ ಅಥವಾ ಚಳಿಗಾಳಿ ತಗುಲಿದಾಗ ಸುತ್ತಲಿನ ಸ್ನಾಯು ಬಿಗಿದುಕೊಳ್ಳುತ್ತದೆ, ಕಫ ತುಂಬುತ್ತದೆ, ಗೂರಲು ಏಳುತ್ತದೆ. 1969ರಲ್ಲಿ ಬಳಕೆಗೆ ಬಂದ ಸಾಲ್ಬುಟಮಾಲ್ ಈ ಬಿಗಿತವನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ, ಉರಿಯೂತವನ್ನು ಮುಟ್ಟುವುದಿಲ್ಲ. ಉರಿಯೂತ ತಗ್ಗಿಸುವುದು 1972ರಲ್ಲಿ ಬಂದ ಬೆಕ್ಲೊಮೆಥಾಸೋನ್, ಆಮೇಲಿನ ಬುಡೆಸೊನೈಡ್‌ನಂಥ ಸ್ಟೀರಾಯ್ಡ್ ಇನ್‌ಹೇಲರ್‌ಗಳು. ಇವುಗಳ ಕೆಲಸ ನಿಧಾನ. ಎಳೆದುಕೊಂಡ ಕೂಡಲೇ ರೋಗಿಗೆ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಜನ ಮೊದಲನೆಯದನ್ನು ನೆಚ್ಚಿ ಎರಡನೆಯದನ್ನು ಬಿಟ್ಟುಬಿಡುತ್ತಾರೆ. ಸೋರುವ ಮಾಡಿನ ಕೆಳಗೆ ಪಾತ್ರೆ ಇಟ್ಟು, ಹಂಚು ಬದಲಿಸುವುದನ್ನು ಮರೆತಂತೆ.

ಈ ಮರೆವಿಗೆ ತೆರುವ ಬೆಲೆ ದೊಡ್ಡದು. ಬ್ರಿಟನ್ನಿನಲ್ಲಿ 195 ಆಸ್ತಮಾ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿದ ವರದಿ 2014ರಲ್ಲಿ ಹೊರಬಂತು. ಹಿಂದಿನ ಒಂದು ವರ್ಷದಲ್ಲಿ ಕುಟುಂಬ ವೈದ್ಯರ ಬಳಿ ಆಸ್ತಮಾ ತಪಾಸಣೆ ನಡೆದ ದಾಖಲೆ ಶೇ 43ರಷ್ಟು ಮಂದಿಯ ವಿಷಯದಲ್ಲಿ ಸಿಗಲೇ ಇಲ್ಲ. ಉಬ್ಬಸ ಹೆಚ್ಚಾದರೆ ಏನು ಮಾಡಬೇಕೆಂದು ಬರೆದುಕೊಟ್ಟ ಚೀಟಿ ಇದ್ದುದು ಕಾಲುಭಾಗಕ್ಕಿಂತ ಕಡಿಮೆ ಮಂದಿಗೆ. ತತ್‌ಕ್ಷಣದ ಇನ್‌ಹೇಲರನ್ನು ವರ್ಷಕ್ಕೆ ಹನ್ನೆರಡಕ್ಕಿಂತ ಹೆಚ್ಚು ಸಲ ಬರೆಸಿಕೊಂಡವರೂ ಅವರಲ್ಲಿ ಅನೇಕರಿದ್ದರು. ಹದಿಹರೆಯದವರಿಗೆ ಮತ್ತು ವಯಸ್ಕರಿಗೆ ಸಾಲ್ಬುಟಮಾಲ್ ಒಂದನ್ನೇ ಕೊಟ್ಟು ಕಳಿಸಬಾರದು, ಜೊತೆಗೆ ಸ್ಟೀರಾಯ್ಡ್ ಇನ್‌ಹೇಲರ್ ಇರಲೇಬೇಕು ಎಂದು ಅಂತರರಾಷ್ಟ್ರೀಯ ಆಸ್ತಮಾ ಮಾರ್ಗಸೂಚಿಯಾದ ‘ಜಿನಾ’ 2019ರಲ್ಲಿ ಸ್ಪಷ್ಟವಾಗಿ ಹೇಳಿತು.

ಹೀಗೆ ನಿಗಾ ಇಡಲು ತಜ್ಞರೇ ಬೇಕೆಂದಿಲ್ಲ. ಕಳೆದ ನಾಲ್ಕು ವಾರಗಳಲ್ಲಿ ಹಗಲು ಹೊತ್ತು ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಉಬ್ಬಸ ಬಂತೇ? ರಾತ್ರಿ ಅದರಿಂದ ಎಚ್ಚರವಾಯಿತೇ? ತತ್‌ಕ್ಷಣದ ಇನ್‌ಹೇಲರ್ ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಬೇಕಾಯಿತೇ? ದಿನನಿತ್ಯದ ಕೆಲಸಕ್ಕೆ ಅಡ್ಡಿಯಾಯಿತೇ? ಈ ನಾಲ್ಕು ಪ್ರಶ್ನೆಗಳಿಗೆ ಒಂದೇ ಒಂದು ‘ಹೌದು’ ಬಂದರೂ ರೋಗ ಪೂರ್ತಿ ಹತೋಟಿಯಲ್ಲಿಲ್ಲ ಎಂದರ್ಥ. ಹಾಗೆಂದು ಕೂಡಲೇ ಔಷಧಿ ಏರಿಸುವುದೂ ತರವಲ್ಲ. ಇರುವ ಔಷಧಿ ಶ್ವಾಸಕೋಶ ಮುಟ್ಟುತ್ತಿದೆಯೇ ಎಂದು ಮೊದಲು ನೋಡಬೇಕು. ಒತ್ತುವ ಇನ್‌ಹೇಲರನ್ನು ಅಲ್ಲಾಡಿಸಿ, ಉಸಿರು ಹೊರಬಿಟ್ಟು, ನಿಧಾನವಾಗಿ ಎಳೆದುಕೊಳ್ಳುತ್ತಲೇ ಒತ್ತಿ, ಹತ್ತು ಸೆಕೆಂಡು ಉಸಿರು ಹಿಡಿಯಬೇಕು. ಪುಡಿಯ ಇನ್‌ಹೇಲರನ್ನಾದರೆ ಜೋರಾಗಿ ಎಳೆಯಬೇಕು. ಸ್ಟೀರಾಯ್ಡ್ ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಬೇಕು. ಇದನ್ನು ಒಮ್ಮೆ ಹೇಳಿದರೆ ಸಾಲದು, ಪ್ರತಿ ಭೇಟಿಯಲ್ಲೂ ಮಾಡಿಸಿ ನೋಡಬೇಕು.

ನಮಗೂ ಇದು ದೂರದ ಮಾತಲ್ಲ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕವಿಟ್ಟರು: 1979ರಲ್ಲಿ ಶೇ 9ರಷ್ಟಿದ್ದ ಆಸ್ತಮಾ 1999ರಲ್ಲಿ ಶೇ 29.5 ಆಗಿತ್ತು. 2019ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ಸುಮಾರು 3.4 ಕೋಟಿ ಮಂದಿಗೆ ಆಸ್ತಮಾ ಇದೆ. ಜಗತ್ತಿನ ಆಸ್ತಮಾ ರೋಗಿಗಳಲ್ಲಿ ನಮ್ಮ ಪಾಲಿಗಿಂತ, ಆಸ್ತಮಾ ಸಾವುಗಳಲ್ಲಿ ನಮ್ಮ ಪಾಲು ಬಹಳ ದೊಡ್ಡದು. ಇದಕ್ಕೆ ಒಂದು ಕಾರಣ ಇನ್‌ಹೇಲರ್ ಕುರಿತ ಹಿಂಜರಿಕೆ. ‘ಪಂಪ್ ಅಭ್ಯಾಸವಾಗಿಬಿಡುತ್ತೆ’ ಎಂದು ಮಾತ್ರೆ ಕೇಳುವವರು ಒಂದು ಲೆಕ್ಕ ಗಮನಿಸಬೇಕು. ಸಾಲ್ಬುಟಮಾಲ್ ಇನ್‌ಹೇಲರನ್ನು ಒಮ್ಮೆ ಒತ್ತಿದರೆ ಬರುವುದು 100 ಮೈಕ್ರೋಗ್ರಾಂ; 4 ಮಿಲಿಗ್ರಾಂ ಮಾತ್ರೆಯಲ್ಲಿ ಇರುವುದು ಅದರ 40 ಪಟ್ಟು. ಅದೂ ರಕ್ತದ ಮೂಲಕ ಮೈಯೆಲ್ಲ ಸುತ್ತಿ, ಎದೆ ಡವಗುಟ್ಟಿಸಿ, ಕೈ ನಡುಗಿಸಿ, ತಡವಾಗಿ ಶ್ವಾಸನಾಳ ತಲುಪುತ್ತದೆ.

ಬುಡೆಸೊನೈಡ್ ಇನ್‌ಹೇಲರ್ ನಮ್ಮ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಬಿಪಿ, ಸಕ್ಕರೆ ಕಾಯಿಲೆಯವರ ಹೆಸರು ಬರೆದುಕೊಂಡು ತಿಂಗಳಿಗೊಮ್ಮೆ ಕರೆಸುವ ಪದ್ಧತಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಹೊಸತಲ್ಲ. ಅದೇ ಪುಸ್ತಕದಲ್ಲಿ ಆಸ್ತಮಾಕ್ಕೂ ಒಂದು ಪುಟ ಸೇರಬೇಕು, ಇನ್‌ಹೇಲರ್ ಸ್ಟಾಕು ಖಾಲಿಯಾಗದಂತೆ ನೋಡಿಕೊಳ್ಳಬೇಕು, ತಂತ್ರ ಕಲಿಸುವ ಹೊಣೆ ಒಬ್ಬ ನರ್ಸಿಗೆ ಸಿಗಬೇಕು. ರೋಗಿಗಳ ಪಾಲಿನ ಕೆಲಸವೂ ಒಂದಿದೆ. ಮುಂದಿನ ಸಲ ಡಾಕ್ಟರ ಬಳಿ ಹೋಗುವಾಗ ನಿಮ್ಮ ಇನ್‌ಹೇಲರನ್ನು ಒಯ್ಯಿರಿ. ಅವರ ಎದುರೇ ಎಳೆದು ತೋರಿಸಿ, ಸರಿಯಿದೆಯೇ ಎಂದು ಕೇಳಿ.